ಬೇಡವೆಂದ ನೀರು

ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಘಟನೆಯೊಂದು ಆ ಭಾನುವಾರ ಗರುಡಾಚಾರ್‌ಪಾಳ್ಯದ ವಠಾರವೊಂದರಲ್ಲಿ ನಡೆಯಿತು. ರಮ್ಯಶ್ರೀ ಒಂದು ಲೋಟ ನೀರು ಬೇಡವೆಂದಳು.

"ಒಂದೀಟು ಕುಡೀರಿ ಮೇಡಂ, ಬಿಸಲಾಗ ಬಂದೀರಿ," ಎಂದು ಶೇಷಮ್ಮ ಲೋಟ ಚಾಚಿದಳು. ಯಾದಗಿರಿ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸಕ್ಕೆ ಹೋಗುವವಳು.

"ಅಯ್ಯೋ ಬೇಡ ಅಕ್ಕಾ... ಈಗಷ್ಟೇ ಕುಡಿದೆ."

ಸುಳ್ಳು! ಅವಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

ಬಾಗಿಲಲ್ಲಿ ನಿಂತಿದ್ದ ಸುಗತ ಲೋಟವನ್ನೂ ನೋಡಿದ, ರಮ್ಯಶ್ರೀಯನ್ನೂ ನೋಡಿದ. ಒಳಗೆ ಬಂದು ಲೋಟ ಇಸಿದುಕೊಂಡು ಗಟಗಟನೆ ಕುಡಿದ. ಕುಡಿಯುತ್ತಲೇ ಅವಳತ್ತ ಇನ್ನೊಮ್ಮೆ ನೋಡಿದ.

ಆ ನೋಟದಲ್ಲಿದ್ದದ್ದು ಸಿಟ್ಟಲ್ಲ. ಅಸಹ್ಯ.

ರಮ್ಯಶ್ರೀ ಕಣ್ಣು ತಪ್ಪಿಸಿದಳು. ನಿನ್ನೆಯವರೆಗೆ ಈ ಕಣ್ಣು ಹೀಗಿರಲಿಲ್ಲವಲ್ಲ...

ಇಬ್ಬರೂ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಪಿ.ಎಚ್. ಓದುತ್ತಿದ್ದರು. ಅವಳು ಹೊಸ ತಿಪ್ಪಸಂದ್ರದವಳು, ಅವನು ಹಲಸೂರಿನ ದಲಿತ ಬೌದ್ಧ ಮನೆತನದವನು. ಪ್ರೀತಿ ಇರುವುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಹೇಳುವ ಕೆಲಸವನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಬಿಟ್ಟಿದ್ದರು.

ಸದ್ಯಕ್ಕೆ ಅವಳ ತಲೆಯ ಮೇಲೆ ಬೇರೆ ಕತ್ತಿ ತೂಗುತ್ತಿತ್ತು. ಶುಕ್ರವಾರದೊಳಗೆ ಅಧ್ಯಯನದ ಪ್ರಶ್ನೆ ಒಪ್ಪಿಸದಿದ್ದರೆ ಅವಳ ಒಂದು ವರ್ಷ ಹೋದಂತೆಯೇ. ಈ ವಠಾರದ ಹೆಂಗಸರಿಗೆ ಪದೇ ಪದೇ ಉರಿಮೂತ್ರ. ಆದ್ದರಿಂದ ಅವಳು ಬರೆದ ಪ್ರಶ್ನೆ: 'ನೀರು ಕುಡಿಯುವುದರ ಮಹತ್ವದ ಬಗ್ಗೆ ವಲಸೆ ಮಹಿಳೆಯರಲ್ಲಿ ಎಷ್ಟು ಅರಿವಿದೆ?'

ಗೈಡ್ ಸಂಜೀವಪ್ಪ ಮೂಗು ಮುರಿದಿದ್ದರು. "ಅರಿವು ಕಮ್ಮಿ ಅಂತ ತೀರ್ಮಾನ ಮಾಡ್ಕೊಂಡೇ ಹೊರಟಿದೀಯಲ್ಲಮ್ಮ! ಇದು ಪ್ರಶ್ನೆ ಅಲ್ಲ, ಬುದ್ಧಿವಾದ."

ಈಗ ವಠಾರದ ಹೆಂಗಸರೆಲ್ಲ ಒಂದೇ ಉತ್ತರ ಕೊಟ್ಟಿದ್ದರು. "ನೀರು ಭಾಳ ಕುಡೀಬೇಕ್ರಿ, ಗೊತ್ತದ." ಅರಿವು ತುಂಬಿ ತುಳುಕುತ್ತಿತ್ತು. ಪ್ರಶ್ನೆ ಸತ್ತಿತ್ತು.

ಗಲ್ಲಿಯ ತುದಿಗೆ ಬಂದ ಮೇಲೆ ಸುಗತ ಬಾಯಿಬಿಟ್ಟ.

"ಬೆಳಿಗ್ಗೆ ನಮ್ಮನೆಗೆ ಬಂದಾಗ್ಲೂ ಅಮ್ಮ ಮಜ್ಜಿಗೆ ಕೊಟ್ರೆ ನೀನು ಮುಟ್ಲಿಲ್ಲ."

"ಏನು?"

"ಇಲ್ಲೂ ಮುಟ್ಲಿಲ್ಲ. ನಮ್ಮಂಥೋರ ಮನೆ ಲೋಟ ಆಗಲ್ಲ ಅಂತ ಮೊದಲೇ ಹೇಳ್ಬೇಕಿತ್ತು ರಮ್ಯಾ. ನಾನೂ ನನ್ನ ಹುಚ್ಚನ್ನ ಅಲ್ಲಿಗೇ ನಿಲ್ಲಿಸ್ತಿದ್ದೆ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಛೀ! ನನ್ನನ್ನು ಇಷ್ಟೇ ಅಂದುಕೊಂಡನಾ?

"ಥೂ! ನಿನ್ನ ಯೋಚನೆ ಆ ಕಕ್ಕಸಿಗಿಂತ ಗಲೀಜು ಕಣೋ! ನೋಡಿದೀಯಾ ಅದನ್ನ? ಇಡೀ ವಠಾರಕ್ಕೆ ಅದೊಂದೇ. ಬಾಗಿಲಿಗೆ ಚಿಲಕ ಇಲ್ಲ, ಗೋಡೆ ತುಂಬ ಜಿರಲೆ, ಕಾಲಿಡೋಕೆ ಜಾಗ ಇಲ್ಲ! ಫೀಲ್ಡಿಗೆ ಬರೋ ದಿನ ಬೆಳಿಗ್ಗೆಯಿಂದ ನಾನು ಹನಿ ನೀರು ಕುಡಿಯಲ್ಲ. ಕುಡಿದ್ರೆ ಅಲ್ಲಿಗೆ ಹೋಗ್ಬೇಕು, ಹೋಗೋಕಾಗಲ್ಲ... ಅಷ್ಟೇ!"

ಸೊಪ್ಪಿನ ಗಾಡಿಯವನು ತೂಗುವುದನ್ನು ಬಿಟ್ಟು ಕೇಳುತ್ತಿದ್ದ.

ಸುಗತನ ಮುಖ ಬಿಳಿಚಿಕೊಂಡಿತು. "ರಮ್ಯಾ... ನಾನು..."

"ಸುಮ್ನಿರು!" ಅವಳು ಕೈ ಎತ್ತಿದಳು. ತಾನು ಈಗ ಕಿರುಚಿದ ಮಾತು ಅವಳ ಕಿವಿಗೇ ಮತ್ತೆ ಕೇಳಿಸುತ್ತಿತ್ತು. ಹೋಗೋಕಾಗಲ್ಲ, ಅದಕ್ಕೇ ಕುಡಿಯಲ್ಲ. ದಿನವಿಡೀ ಅರಿವಿನ ಬಗ್ಗೆ ವಿಚಾರಿಸಿದವಳು ತಾನು! ಈಗ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ತಿರುಗಿ ಓಡಿದಳು.

"ಶೇಷಮ್ಮಕ್ಕಾ, ನೀವು ನೀರು ಕುಡಿಯೋದನ್ನ ಬೇಕಂತಲೇ ಬಿಡ್ತೀರಾ?"

ಶೇಷಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಮತ್ತ? ಹೊತ್ತು ಮುಳುಗಿದ ಮ್ಯಾಲ ಬಾಯಿಗೆ ಹಾಕಂಗಿಲ್ರೀ. ಕತ್ತಲಾಗ ಆ ಕಡಿ ಯಾರು ಹೋಗ್ತಾರ?"

"ಆಗಲೇ ಯಾಕೆ ಹೇಳ್ಲಿಲ್ಲ?"

"ನೀವರ ಎಲ್ಲಿ ಕೇಳಿದ್ರಿ?"

ರಮ್ಯಶ್ರೀ ಆ ಮಾತನ್ನು ಹಾಗೇ ಬರೆದುಕೊಂಡಳು. ಆಮೇಲೆ, ನೀರು ಬಿಟ್ಟರೂ ತಪ್ಪಿಸಿಕೊಳ್ಳಲಾಗದ ಇನ್ನೊಂದು ವಿಷಯವನ್ನು ತಗ್ಗಿದ ದನಿಯಲ್ಲಿ ಹೇಳಿದಳು. "ಅಕ್ಕಾ... ಈಗ ನಾನೂ ಆ ಕಡೆ ಹೋಗ್ಲೇಬೇಕು."

ಹಿಂದೆಯೇ ಬಂದಿದ್ದ ಸುಗತ ಡ್ರಮ್ಮಿನಿಂದ ಬಕೆಟ್ ತುಂಬಿಕೊಂಡು ಕಕ್ಕಸಿಗೆ ಹೋಗಿ ಸುರಿದ. ಮತ್ತೆ ತುಂಬಿದ, ಮತ್ತೆ ಸುರಿದ. ಪೊರಕೆ ಹಿಡಿದು ಉಜ್ಜಿದ. ನಡುವೆ ಒಮ್ಮೆ ಹೊರಗೆ ಬಂದು ಗೋಡೆ ಹಿಡಿದು ಓಕರಿಸಿದ. ಪ್ರೇಮಿಗಳು ನಕ್ಷತ್ರ ತಂದುಕೊಡುವ ಮಾತಾಡುತ್ತಾರೆ. ಇವನಿಂದ ಆದದ್ದು ಇಷ್ಟು.

ರಮ್ಯಶ್ರೀ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಹೊರಗಿನಿಂದ ಬಾಗಿಲನ್ನು ಶೇಷಮ್ಮ ಹಿಡಿದುಕೊಂಡಳು.

ಮೆಟ್ರೋದಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತರು. ಸುತ್ತಲಿದ್ದವರು ಸ್ವಲ್ಪ ದೂರ ಸರಿದರು.

"ಹೊಸ ಪ್ರಶ್ನೆ ಯಾರ ಬಗ್ಗೆ?" ಎಂದು ಸುಗತ ಮೆಲ್ಲಗೆ ಕೇಳಿದ.

"ವಠಾರದ ಕಕ್ಕಸು ಹಂಚ್ಕೊಳ್ಳೋ, ಕೂಲಿಗೆ ಹೋಗೋ ಹೆಂಗಸ್ರು."

"ಯಾರಿಗೆ ಹೋಲಿಸಿ?"

"ಅದೇ ಏರಿಯಾ, ಅದೇ ಕೆಲಸ, ಆದ್ರೆ ಮನೆಯೊಳಗೇ ಕಕ್ಕಸು ಇರೋರು. ಇವರು ಬೇಕಂತಲೇ ನೀರು ಬಿಡೋದು ಅವರಿಗಿಂತ ಹೆಚ್ಚಾ? ಬಿಟ್ಟೋರಿಗೆ ಉರಿಮೂತ್ರ ಹೆಚ್ಚಾ? ಹೌದು ಅಂತಾನೂ ಬರಬಹುದು, ಇಲ್ಲ ಅಂತಾನೂ ಬರಬಹುದು."

"ಇದು ಪ್ರಶ್ನೆ," ಎಂದ. ಅವಳು ಇಳಿಯಬೇಕಿದ್ದ ಇಂದಿರಾನಗರ ಬಂತು. ಬಾಗಿಲು ತೆರೆದು ಮುಚ್ಚಿತು. ಅವಳು ಇಳಿಯಲಿಲ್ಲ.

"ಕ್ಷಮಿಸು ರಮ್ಯಾ. ಸ್ಕೂಲಲ್ಲಿ ನನಗೆ ಲೋಟ ಮುಟ್ಟೋಕೆ ಬಿಡದೆ ಮೇಲಿಂದ ಬೊಗಸೆಗೆ ನೀರು ಹೊಯ್ತಿದ್ರು. ಬೇಡ ಅನ್ನೋ ಮಾತು ನನ್ನ ಕಿವಿಗೆ ಬೇರೆ ಥರಾನೇ ಬೀಳುತ್ತೆ."

ಅವಳ ಕಣ್ಣು ತುಂಬಿತು. "ಮೊದಲು ನನ್ನನ್ನ ಕೇಳೋ. ಆಮೇಲೆ ತೀರ್ಮಾನ ಮಾಡು."

"ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

"ಈ ನಾತದಲ್ಲೇ ಕೇಳ್ಬೇಕಿತ್ತಾ?"

ಅವನು ಅವಳ ಕೈ ಹಿಡಿದ.

"ಬಿಡೋ, ನನ್ನ ಕೈ ಇನ್ನೂ ನಾರ್ತಿದೆ!"

"ನಂದೂ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಆಗ್ತೀನಿ. ಮೊದಲು ಸೋಪು ಕೊಡ್ಸು."

ಶುಕ್ರವಾರ ಸಂಜೀವಪ್ಪ ಪ್ರಶ್ನೆಯನ್ನು ಒಪ್ಪಿದರು. ಮರುವರ್ಷ ಹಲಸೂರಿನಲ್ಲಿ ಮದುವೆಯಾಯಿತು.