ನಲವತ್ತೊಂದು ಏರೋಪ್ಲೇನ್ ಚಿಟ್ಟೆಗಳು

ಸುದ್ದಿ ಬಂದ ಹೊತ್ತಿನಲ್ಲಿ ಚಿತ್ರದಮ್ಮ ಕಿಟಕಿಯ ಬಳಿ ಕುಳಿತು ಜೀರುಂಡೆಯೊಂದರ ಮೀಸೆ ಬರೆಯುತ್ತಿದ್ದರು. ಒಂದೇ ಉಸಿರಿನಲ್ಲಿ ಎಳೆಯಬೇಕಾದ ಗೆರೆ ಅದು. ನಡುವೆ ಕುಂಚ ಎತ್ತಿದರೆ ಕೂಡಿಸಿದ ಜಾಗ ಕಂಡೇ ಕಾಣುತ್ತದೆ. ಒಳಗೆ ಫೋನು ಹೊಡೆದುಕೊಂಡಿತು. ಮಗಳು ಹೋಗಿ ಎತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತಳು.

“ಅಮ್ಮಾ, ಕುಂಚ ಕೆಳಗಿಡು.”

“ತಾಳೇ, ತುದಿ ಮುಟ್ಟಲಿ.”

“ಅಮ್ಮಾ... ಅಪ್ಪ...”

ಗೆರೆ ತುದಿ ಮುಟ್ಟಿತು. ಆಮೇಲೆ ಆಕೆ ಕುಂಚ ಇಟ್ಟರು. ಮಗಳ ದನಿಯಲ್ಲೇ ಎಲ್ಲ ತಿಳಿದ ಮೇಲೂ ಗೆರೆ ಮುಗಿಸಿದೆನಲ್ಲ ಎಂಬುದು ಆಕೆಯನ್ನು ಬಹಳ ದಿನ ಚುಚ್ಚಿತು.

ಆಕೆಯ ಯಜಮಾನರು ಸಂಗ್ರಹಾಲಯದ ಕೀಟಗಳ ವಿಭಾಗವನ್ನು ಮೂವತ್ತೆಂಟು ವರ್ಷ ನೋಡಿಕೊಂಡವರು. ಎಲ್ಲರ ಬಾಯಲ್ಲೂ ಅವರು ಹುಳದ ಮೇಷ್ಟ್ರು. ನಿವೃತ್ತಿಯಾದ ಮೇಲೂ ವಾರಕ್ಕೆ ಎರಡು ದಿನ ಹೋಗಿ, ಪೆಟ್ಟಿಗೆಗಳಿಗೆ ನುಸಿಗುಳಿಗೆ ಹಾಕಿ ಬರುತ್ತಿದ್ದರು. ಆ ದಿನ ಅಲ್ಲಿಯೇ, ತೆರೆದ ಪೆಟ್ಟಿಗೆಯ ಮುಂದೆ, ಕುರ್ಚಿಯಲ್ಲಿ ಕುಳಿತಂತೆಯೇ ಹೋಗಿಬಿಟ್ಟಿದ್ದರು.

ಮೂರು ವಾರ ಕಳೆದ ಮೇಲೆ ವಿಭಾಗದ ಹೊಸ ಅಧಿಕಾರಿ ಮನೆಗೆ ಬಂದಳು. ಮಗಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ. ಕೊಟ್ಟ ನೀರನ್ನು ಕುಡಿಯದೆ ಲೋಟವನ್ನು ತಿರುಗಿಸುತ್ತ ಕುಳಿತಳು.

“ಅಮ್ಮಾ, ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ಮೇಷ್ಟ್ರ ಬೀಗದ ಕೈ ತಗೊಂಡ ಮೇಲೆ ಪೆಟ್ಟಿಗೆಗಳನ್ನ ರಿಜಿಸ್ಟರಿಗೆ ಹೋಲಿಸಿ ನೋಡಿದ್ವಿ. ನಲವತ್ತೊಂದು ಏರೋಪ್ಲೇನ್ ಚಿಟ್ಟೆ ಇಲ್ಲ. ನಂಬರು ಅವರ ಕೈಬರಹದಲ್ಲೇ ಇದೆ, ಹುಳ ಇಲ್ಲ.”

ಮಗಳು ಸಿಡುಕಿದಳು. “ಅಂದ್ರೆ? ನಮ್ಮಪ್ಪ ಮನೆಗೆ ತಂದಿಟ್ಕೊಂಡ್ರು ಅಂತಾನಾ?”

“ಹಾಗಲ್ಲಕ್ಕ. ಆದ್ರೆ ಕಾರಣ ಸಿಗದಿದ್ರೆ ‘ಇವರ ಉಸ್ತುವಾರಿಯಲ್ಲಿ ಕಾಣೆಯಾಗಿವೆ’ ಅಂತ ನಾನು ಮೇಲಿನವರಿಗೆ ಬರೀಲೇಬೇಕು.”

ಅಂಗಿಗೆ ಸಿಕ್ಕಿಕೊಂಡು ಬಂದ ಒಂದು ಗುಂಡುಸೂಜಿಯನ್ನೂ ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟುಬರುತ್ತಿದ್ದ ಮನುಷ್ಯನ ಹೆಸರಿನ ಮುಂದೆ ಅಂಥ ಮಾತು! ಆ ನಲವತ್ತೊಂದು ಎಲ್ಲಿ ಹೋದವೆಂದು ಚಿತ್ರದಮ್ಮನಿಗೆ ಗೊತ್ತಿತ್ತು. ಹೇಳಬೇಕಾದರೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೇಳದ್ದನ್ನು ಈ ವಯಸ್ಸಿನಲ್ಲಿ ಪರರ ಮುಂದೆ ಹೇಳಬೇಕು. ಹೇಳದಿದ್ದರೆ ಸತ್ತವರ ಮುಖಕ್ಕೆ ಮಸಿ.

“ಕೂತ್ಕೊಳಮ್ಮ,” ಎಂದರು. “ಆ ಹುಳ ಹೋಗಿದ್ದು ನನ್ನಿಂದ.”

ಅದು ಮದುವೆಗೆ ಮುಂಚಿನ ಮಾತು. ಆಕೆ ಸಂಗ್ರಹಾಲಯಕ್ಕೆ ಚಿತ್ರ ಬರೆಯಲು ಸೇರಿ ಎರಡು ದಿನವಾಗಿತ್ತಷ್ಟೆ. ಬೆಳಿಗ್ಗೆ ಕೀಟಗಳ ವಿಭಾಗದ ತೆಳ್ಳನೆಯ ಯುವಕನೊಬ್ಬ, ಕೈಯಲ್ಲಿ ಒದ್ದೆ ಬಟ್ಟೆ ಮುದುಡಿ ಹಿಡಿದು, ಏದುಸಿರು ಬಿಡುತ್ತ ಒಳಗೆ ನುಗ್ಗಿದ.

“ಬೇಗ ಬನ್ರೀ! ಕಣ್ಣು ಹೋಗಿಬಿಡುತ್ತೆ!”

ಕಣ್ಣಿಗೇನೋ ಬಿದ್ದಿದೆ ಎಂದುಕೊಂಡ ಆಕೆ ಕುಂಚ ತೊಳೆಯುವ ಲೋಟವನ್ನೆತ್ತಿ ಅವನ ಮುಖಕ್ಕೆ ರಪ್ಪನೆ ಎರಚಿದರು. ಹಳದಿ ನೀರು ಮೂಗಿನಿಂದ ಗದ್ದಕ್ಕೆ ಇಳಿಯಿತು. ಅವನು ಮುಖ ಒರೆಸಿಕೊಳ್ಳಲಿಲ್ಲ, ಬಟ್ಟೆ ಬಿಚ್ಚಿದ. ಒಳಗೆ ಏರೋಪ್ಲೇನ್ ಚಿಟ್ಟೆಯೊಂದು ರೆಕ್ಕೆ ಮಡಚಿಕೊಂಡಿತ್ತು.

“ನನ್ನ ಕಣ್ಣಲ್ಲ, ಇದರ ಕಣ್ಣು. ಸತ್ತರೆ ಬಣ್ಣ ಹೋಗಿ ಕಂದಾಗುತ್ತೆ. ಜೀವ ಇರೋವಾಗ್ಲೇ ಬಣ್ಣ ಹಿಡೀಬೇಕು.”

ಅಂಥ ಹಸಿರನ್ನು ಆಕೆ ಕಂಡಿರಲಿಲ್ಲ. ಒಳಗಿನಿಂದ ದೀಪ ಹಿಡಿದಂತಿತ್ತು. ಬಣ್ಣ ಕಲೆಸಿ ಕಾಗದಕ್ಕೆ ಇಳಿಸಿದರು. ಮುಗಿಯುತ್ತಲೇ ಅವನು ಜೇಬಿನಿಂದ ಹುಳ ಸಾಯಿಸುವ ಬಾಟಲಿ ತೆಗೆದ.

“ಅಯ್ಯೋ, ಈಗಷ್ಟೇ ನನ್ನ ನೋಡ್ತಾ ಇತ್ತಲ್ರೀ!”

“ಅದಕ್ಕೆ ಸಾವಿರಾರು ಕಣ್ಣು. ನಿಮ್ಮೊಬ್ಬರನ್ನೇ ಏನೂ ನೋಡ್ತಿರಲಿಲ್ಲ.”

“ನಿಮಗಿರೋದು ಎರಡೇ ತಾನೆ? ಅವು ಎಲ್ಲಿ ನೋಡ್ತಿವೆ?”

ಹಳದಿ ಮುಖ ಕೆಂಪಗಾಯಿತು. ಅವನು ಬಾಟಲಿಯನ್ನು ಜೇಬಿಗೆ ಸೇರಿಸಿ ಕಿಟಕಿ ತೆರೆದ. ಅದು ಹಾರಿದ ಮೇಲೆ ನೆನಪಾಗಿ ತಲೆ ಚಚ್ಚಿಕೊಂಡ. “ರಿಜಿಸ್ಟರಿನಲ್ಲಿ ನಂಬರು ಹಾಕಿಬಿಟ್ಟಿದ್ದೆನಲ್ಲ!” ಒಮ್ಮೆ ಹಾಕಿದ ನಂಬರನ್ನು ಹೊಡೆದುಹಾಕುವಂತಿಲ್ಲ. ಆ ಜಾತಿಯ ಹುಳ ಪೆಟ್ಟಿಗೆಯಲ್ಲಿ ಮೊದಲೇ ಇತ್ತು, ಇಲ್ಲದಿದ್ದದ್ದು ಬಣ್ಣ. ಹಾಗಾಗಿ ಚಿತ್ರದ ಹಿಂದೆಯೇ ಆ ನಂಬರು ಬರೆದ.

ಮಾರನೆಯ ದಿನ ಕೆರೆಯ ದಡದಿಂದ ಇನ್ನೊಂದು ಜಾತಿಯದನ್ನು ತಂದ. ಅದರ ಮಾರನೆಯ ದಿನವೂ ತಂದ. ನಂಬರಿಲ್ಲದ ಹುಳದ ಚಿತ್ರ ಬರೆಸುವಂತಿರಲಿಲ್ಲ. ಹಾಗಾಗಿ ನಂಬರು ಮೊದಲು, ಬಣ್ಣ ಆಮೇಲೆ, ಕೊನೆಗೆ ಕಿಟಕಿ.

“ಕಣ್ಣಿನ ಬಣ್ಣಕ್ಕೆ ಕಾಲು ಗಂಟೆ ಸಾಕು,” ಎಂದು ಚಿತ್ರದಮ್ಮ ಸೆರಗಿನ ಅಂಚು ಸರಿಪಡಿಸಿಕೊಳ್ಳುತ್ತ ಹೇಳಿದರು. “ನಾನು ಒಂದೂವರೆ ಗಂಟೆ ಮಾಡ್ತಿದ್ದೆ. ಹಸಿರು ಸಾಲದು, ನೀಲಿ ಹೆಚ್ಚಾಯ್ತು ಅಂತ ಸುಮ್ಮನೆ ಕಲೆಸ್ತಿದ್ದೆ. ಪಾಪ, ಅವರು ಎದುರಿಗೆ ಸ್ಟೂಲಿನ ಮೇಲೆ ಕಾಯ್ತಾ ಕೂತಿರೋರು. ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ.”

“ಅಮ್ಮಾ! ನೀನು ಇಷ್ಟು ಕಿಲಾಡೀನಾ?” ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಸುಮ್ನಿರೇ.”

ನಲವತ್ತೊಂದನೆಯದನ್ನು ಬಿಟ್ಟ ದಿನ ಅವನು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದ. “ಈ ಕೆರೇಲಿ ಇನ್ನು ಹೊಸ ಜಾತಿ ಇಲ್ಲ. ನಾಳೆಯಿಂದ ಏನು ನೆಪ ಹೇಳ್ಕೊಂಡು ಬರಲಿ?”

“ನೆಪ ಯಾಕೆ? ಬರೀ ಕೈಯಲ್ಲಿ ಬನ್ನಿ. ಇಲ್ಲಿಗಲ್ಲ, ನಮ್ಮ ಮನೆಗೆ. ನಮ್ಮಪ್ಪ ಇರೋ ಹೊತ್ತಿಗೆ.”

ಅಧಿಕಾರಿ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. “ಅಮ್ಮಾ, ನಾನು ನಂಬ್ತೀನಿ. ಆದ್ರೆ ಮೇಲಿನವರಿಗೆ ಬರೀ ಮಾತು ಸಾಲಲ್ಲ.”

“ನಡಿ ಹಾಗಾದ್ರೆ. ಚಿತ್ರಗಳು ನಿಮ್ಮ ಕಪಾಟಿನಲ್ಲೇ ಇರಬೇಕು.”

ಮೂವರೂ ಹೋದರು. ಚಿತ್ರಗಳ ಕಪಾಟಿನ ಕೆಳಗಿನ ಅರೆಯಲ್ಲಿ, ದಾರ ಕಟ್ಟಿದ ಕಟ್ಟು ಸಿಕ್ಕಿತು. ಬರೆದು ಕೊಟ್ಟ ಮೇಲೆ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಹಿಂಬದಿಯಲ್ಲಿ ಬರೆದಿಡುವುದು ಮೇಷ್ಟ್ರ ಕೆಲಸ. ಚಿತ್ರದಮ್ಮ ಯಾವತ್ತೂ ಅವನ್ನು ತಿರುಗಿಸಿ ನೋಡಿದವರಲ್ಲ. ಅಧಿಕಾರಿ ಒಂದೊಂದಾಗಿ ತಿರುಗಿಸಿದಳು. ನಂಬರುಗಳು ರಿಜಿಸ್ಟರಿಗೆ ತಾಳೆಯಾಗುತ್ತ ಹೋದವು. ಏಳನೆಯದಕ್ಕೆ ಬಂದವಳು ಹುಬ್ಬೇರಿಸಿದಳು.

“ಅಮ್ಮಾ, ನಂಬರಿನ ಕೆಳಗೆ ಟೈಮೂ ಬರೆದಿದ್ದಾರೆ. ಕೇಳಿ. ‘ತಂದದ್ದು ಒಂಬತ್ತೂ ಹತ್ತು. ಬಣ್ಣ ಸರಿಹೋದದ್ದು ಒಂಬತ್ತೂ ಇಪ್ಪತ್ತೈದು. ಬಿಟ್ಟದ್ದು ಹತ್ತೂ ನಲವತ್ತು.’ ”

ಅವಳು ಉಳಿದವನ್ನೂ ಬೇಗ ಬೇಗ ತಿರುಗಿಸಿದಳು.

“ಎಂಟನೇದರಲ್ಲೂ ಹಾಗೇ. ಒಂಬತ್ತನೇದರಲ್ಲೂ, ಕೊನೇದರವರೆಗೂ.” ಅವಳು ರಟ್ಟಿನಿಂದ ತಲೆಯೆತ್ತಿದಳು. “ಕಾಲು ಗಂಟೆಗೇ ಬಣ್ಣ ಸಿಕ್ಕಿದ್ದು ಅವರಿಗೆ ಗೊತ್ತಿತ್ತಮ್ಮ. ಏಳನೇದರಿಂದ ಪ್ರತಿ ದಿನವೂ ಗೊತ್ತಿತ್ತು.”

ಚಿತ್ರದಮ್ಮ ರಟ್ಟನ್ನು ಈಸಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಇರುವೆ ಸಾಲಿನಂಥ ಆ ಸಣ್ಣ ಅಕ್ಷರ. ನಲವತ್ತು ವರ್ಷ ಎದುರು ಬದುರು ಕುಳಿತು ಉಂಡು, ಒಂದು ಸಲವೂ ಚೇಷ್ಟೆ ಮಾಡದೆ, ಹೆಂಡತಿಯ ಗುಟ್ಟನ್ನು ಹೆಂಡತಿಗೇ ಬಿಟ್ಟುಕೊಡದೆ ಹೋದರಲ್ಲ! ಮೊದಲು ನಗು ಬಂತು. ಆ ಮೂರು ವಾರಗಳಲ್ಲಿ ಬಾರದಿದ್ದ ಅಳು ನಗುವಿನ ಬೆನ್ನಿಗೇ ಬಂತು. ಮಗಳು ಅಮ್ಮನನ್ನು ತಬ್ಬಿಕೊಂಡಳು.

ಅಧಿಕಾರಿ ರಿಜಿಸ್ಟರು ತೆರೆದು ಪೆನ್ನು ಹಿಡಿದಳು. “ಬಣ್ಣ ಬರೆದ ಮೇಲೆ ಬಿಡಲಾಗಿದೆ, ಚಿತ್ರ ನೋಡಿ ಅಂತ ಬರೀತೀನಿ. ಆದ್ರೆ ಕಾರಣ ಕೇಳ್ತಾರೆ. ಏನು ಬರೀಲಿ?”

ಆಕೆ ಕಣ್ಣೊರೆಸಿಕೊಂಡರು. ನಾಚಿಕೆ ಎಲ್ಲೋ ಹೋಗಿಬಿಟ್ಟಿತ್ತು.

“ಚಿತ್ರ ಬರೆದವಳು ಬೇಡ ಅಂದಳು, ಅದಕ್ಕೆ ಬಿಟ್ಟರು ಅಂತ ಬರಿ. ಅವಳ ಮೇಲೆ ಅವರಿಗೆ ಪ್ರೀತಿ ಇತ್ತು ಅಂತಾನೂ ಬರಿ. ಕೆಳಗೆ ನಾನು ಸಹಿ ಹಾಕ್ತೀನಿ.”

ಸಹಿ ಹಾಕಿ ಬಂದು, ಅವರು ಕೊನೆಯುಸಿರೆಳೆದ ಕುರ್ಚಿಯ ಮುಂದೆ ನಿಂತರು. ಸುತ್ತ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ, ಸೂಜಿಗೆ ನಿಂತ ಸಾವಿರಾರು ಜೀವ. ಆಕೆ ಕೈಮುಗಿದರು.

‘ಭಗವಂತಾ, ಈ ಮನುಷ್ಯ ಕಸುಬಿಗಾಗಿ ಇಷ್ಟು ಪ್ರಾಣ ತೆಗೆದದ್ದು ನಿಜ. ಒಂದೊಂದನ್ನು ಬಾಟಲಿಗೆ ಹಾಕುವಾಗಲೂ “ತಪ್ಪಾಯಿತು” ಎಂದು ತುಟಿಯಲ್ಲೇ ಅನ್ನುತ್ತಿದ್ದದ್ದೂ ನಿಜ. ನಾನು ಕಂಡಿದ್ದೇನೆ, ನೀನೂ ಕಂಡಿರುತ್ತೀಯೆ. ಅವುಗಳ ಚಿತ್ರ ಬರೆದು ಉಂಡವಳು ನಾನು. ಪಾಪವೇನಾದರೂ ಇದ್ದರೆ ಅರ್ಧ ನನ್ನದು. ಉಳಿದರ್ಧವನ್ನೂ ನನ್ನ ತಲೆಗೇ ಹಾಕು. ಅವರನ್ನು ದಣಿಸಬೇಡ. ಎಳೆಬಿಸಿಲಿರುವ ಕಡೆ, ನೀರಿನ ದಡದಲ್ಲಿ ಕೂರಿಸು. ಅವರ ಆತ್ಮಕ್ಕೆ ಶಾಂತಿ ಕೊಡು ತಂದೆ.’