ನೋವಿಲ್ಲದ ಎದೆ

"ಹೊಸಿಲು ದಾಟಿದ್ರೆ ಮತ್ತೆ ಈ ಮನೆ ಕಡೆ ತಿರುಗಬ್ಯಾಡ," ಎಂದಳು ಹುಚ್ಚಕ್ಕ, ನಡುಮನೆಯ ಕಂಬಕ್ಕೆ ಒರಗಿ ಕೂತಲ್ಲಿಂದಲೇ. ಸೊಸೆ ಗಂಗಲಕ್ಷ್ಮಿ ಸೀರೆಗಳನ್ನು ಬ್ಯಾಗಿಗೆ ತುರುಕಿದಳು. ಜಗಲಿಯ ಮೇಲೆ ಅವಳ ಗಂಡ ದೊಡ್ಡರಂಗಯ್ಯ ಇನ್ನೊಂದು ಬೀಡಿ ಹಚ್ಚಿದ.

"ನಾನೇನು ಒಡವೆ ಕೇಳಿದ್ನಾ? ಒಂದ್ಸಲ ಬೆಂಗಳೂರಿಗೆ ಬಂದು ಸ್ಕ್ಯಾನ್ ಮಾಡಿಸ್ಕಳಿ ಅಂದೆ, ಅಷ್ಟೇ ಕಣ್ರೀ..." ಎಂದಳು ಗಂಗಲಕ್ಷ್ಮಿ ಗಂಡನ ಕಡೆ ತಿರುಗಿ.

"ನಂಗೇನಾಗೈತೆ? ಕೆಮ್ಮಿಲ್ಲ, ನೋವಿಲ್ಲ. ಇವತ್ತೂ ಕೊಬ್ಬರಿ ಮೂಟೆ ಹೊತ್ತು ಲಾರಿಗೆ ಹಾಕ್ದೆ."

"ಭಾವನೂ ಹಂಗೇ ಅಂತಿದ್ರು."

ದೊಡ್ಡರಂಗಯ್ಯನ ಅಣ್ಣ ಕೆಂಪಯ್ಯ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ರಕ್ತ ಕೆಮ್ಮುವವರೆಗೂ ಅವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆಯೆಂದು ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಮಾಡಲು ಏನೂ ಉಳಿದಿರಲಿಲ್ಲ. ಅವನನ್ನು ನೋಡಿದ ಬೆಂಗಳೂರಿನ ಡಾಕ್ಟರು, ಪಕ್ಕದಲ್ಲಿ ನಿಂತಿದ್ದ ತಮ್ಮನ ಬೆರಳುಗಳ ಹಳದಿ ಕಲೆ ಕಂಡು ಗಂಗಲಕ್ಷ್ಮಿಗೆ ಹೇಳಿದ್ದರು: "ಚಿಕ್ಕಂದಿನಿಂದ ಬೀಡಿ, ವಯಸ್ಸು ಐವತ್ತು ದಾಟಿದೆ, ಅಣ್ಣನಿಗೆ ಹೀಗಾಗಿದೆ. ಕಾಯಿಲೆ ತೋರಿಸಿಕೊಳ್ಳುವ ಮುಂಚೆಯೇ ಇವರಿಗೊಂದು ಸಿ.ಟಿ. ಸ್ಕ್ಯಾನ್ ಮಾಡಿಸಮ್ಮ. ತೀರ ಸಣ್ಣ ಗಡ್ಡೆ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಇಂಥ ಸ್ಕ್ಯಾನ್ ಇನ್ನೂ ಎಲ್ಲ ಕಡೆ ರೂಢಿಯಲ್ಲಿಲ್ಲ, ಕೆಲವು ಸಲ ಸುಮ್ಮನೆ ಗಾಬರಿಯನ್ನೂ ಹುಟ್ಟಿಸುತ್ತದೆ. ಆದರೂ ಇವರ ವಿಷಯದಲ್ಲಿ ನೋಡುವುದೇ ಒಳ್ಳೆಯದು."

ಹುಚ್ಚಕ್ಕನಿಗೆ ಸ್ಕ್ಯಾನಿನ ಹೆಸರೇ ಆಗದು. "ಆ ಮಿಷನ್ ಒಳಗೆ ಮಲಗಿಸಿದ್ಮೇಲೇ ನನ್ನ ದೊಡ್ಡಮಗ ಹಾಸಿಗೆ ಹಿಡಿದಿದ್ದು. ಗಟ್ಟಿಮುಟ್ಟಾಗಿರೋ ಗಂಡನ ಮೈಯಾಗೆ ರೋಗ ಹುಡುಕ್ತಾಳೆ ಇವಳು. ಮುತ್ತೈದೆತನ ಬ್ಯಾಡಾಯ್ತೇನೋ..."

ಗಂಗಲಕ್ಷ್ಮಿ ಬ್ಯಾಗಿನ ಜಿಪ್ ಎಳೆದಳು. ಗಂಡ ಈಗಲಾದರೂ ಒಂದು ಮಾತಾಡಿಯಾನೆಂದು ಕಾದಳು. ಅವನು ತೋಟದ ಕಡೆ ನೋಡುತ್ತಲೇ ಇದ್ದ. "ಒಪ್ಕಂಡ ದಿನ ಕರೆಯಕ್ಕೆ ಬನ್ನಿ, ಬತ್ತೀನಿ," ಎಂದಷ್ಟೇ ಹೇಳಿ ಅವಳು ತವರಿನ ಬಸ್ಸು ಹತ್ತಿದಳು.

ಅರಳಗುಪ್ಪೆಯ ತವರಿನಲ್ಲಿ ತಮ್ಮ, ತಮ್ಮನ ಹೆಂಡತಿ ಮೀನಾಕ್ಷಿ ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಅವಳ ಜೀವ ಅಲ್ಲಿರಲಿಲ್ಲ. ಒಲೆಯ ಮುಂದೆ ಕೂತರೆ ಕೈ ತನ್ನಷ್ಟಕ್ಕೇ ಒಂದು ದೊಡ್ಡ ಮುದ್ದೆ ಕಟ್ಟುತ್ತಿತ್ತು. "ಇದ್ಯಾರಿಗೆ ಅತ್ತಿಗೆ, ಇಷ್ಟು ದಪ್ಪದ್ದು?" ಎಂದು ಮೀನಾಕ್ಷಿ ಕೇಳಿದಾಗ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು. ತಿಪಟೂರಿನ ಬಸ್ಸು ನಿಂತ ಸದ್ದಾದರೆ ಅಂಗಳಕ್ಕೆ ಬರುವಳು. ಇಳಿದವರು ಒಬ್ಬೊಬ್ಬರಾಗಿ ತಮ್ಮ ಮನೆಗಳಿಗೆ ಹೋಗಿ ರಸ್ತೆ ಬರಿದಾಗುವವರೆಗೂ ನಿಂತಿರುವಳು. ಯಾವ ಬೀಡಿಯಿಂದ ಅವನನ್ನು ಬಿಡಿಸಬೇಕೆಂದು ಹಟ ಹಿಡಿದಿದ್ದಳೋ, ದಾರಿಹೋಕನೊಬ್ಬ ಅದನ್ನೇ ಸೇದುತ್ತ ಹಾದುಹೋದಾಗ ಆ ವಾಸನೆಗೆ ಅವಳ ಎದೆ ಹಿಂಡಿತು... ಸೋತು ಹಿಂತಿರುಗಿಬಿಡಲೇ ಎನಿಸುತ್ತಿತ್ತು. ಮರುಕ್ಷಣ ಕೆಂಪಯ್ಯನ ಕೊನೆಯ ಉಸಿರಾಟ ನೆನಪಾಗಿ ಕಲ್ಲಾಗುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದದ್ದು ಅತ್ತೆ. ಒಬ್ಬಳೇ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತಳು.

"ಅವ್ನು ಉಣ್ತಿಲ್ಲ ಕಣೇ. ಮಾತಿಲ್ಲ, ಕತೆಯಿಲ್ಲ. ಯಾಕ್ಲಾ, ಹೋಗಿ ಕರ್ಕಂಬರಬಾರ್ದಾ ಅಂದೆ. 'ಅವಳ ಮುಂದೆ ನಿಂತ್ರೆ ಒಪ್ಕಬೇಕಾಯ್ತದೆ ಕಣವ್ವ, ಅಣ್ಣಂಗೆ ಕಂಡಿದ್ದೇ ನಂಗೂ ಕಂಡ್ರೆ...' ಅಂದ. ಹೆದರವ್ನೆ ಕಣೇ."

ಗಂಗಲಕ್ಷ್ಮಿ ಅತ್ತೆಯ ಪಕ್ಕದಲ್ಲಿ ಕೂತಳು. ಇಷ್ಟು ದಿನ ಹಟವೆಂದುಕೊಂಡಿದ್ದು ಭಯವಾಗಿತ್ತು.

"ನಾನೂ ಹೆದರಿದ್ದೆ," ಎಂದಳು ಹುಚ್ಚಕ್ಕ. "ಒಬ್ಬನ್ನ ಮಣ್ಣು ಮಾಡಿದೋಳು. ಗೊತ್ತಾಗ್ದೇ ಇದ್ರೆ ಇವನಾದ್ರೂ ಉಳೀತಾನೆ ಅನ್ಕಂಡೆ... ನಿಂಗೆ ಅನ್ನಬಾರದ್ದು ಅಂದೆ. ಬುಡು ಅದನ್ನ. ನಡಿ, ಅವನ್ನ ನಾನು ಒಪ್ಪಿಸ್ತೀನಿ, ಮೂವರೂ ಬೆಂಗಳೂರಿಗೆ ಹೋಗಾನ."

ಬೆಂಗಳೂರಿನಲ್ಲಿ ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚಿದಾಗ ಅತ್ತೆ ಸೊಸೆಯ ಕೈಯನ್ನು ತಾನೇ ಹುಡುಕಿ ಹಿಡಿದುಕೊಂಡಳು. ಬಲಗಡೆಯ ಶ್ವಾಸಕೋಶದಲ್ಲಿ ಹುರುಳಿಕಾಳಿನಷ್ಟು ಚುಕ್ಕೆಯಿತ್ತು. ಹಳೆಯ ಗಾಯದ ಕಲೆಯೂ ಇರಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಲ್ಲಿಯವರೆಗೆ ಒಂದು ಬೀಡಿಯನ್ನೂ ಮುಟ್ಟಬಾರದು ಎಂದರು ಡಾಕ್ಟರು. ಆ ಕಾಯುವಿಕೆ ಅಗಲಿಕೆಗಿಂತ ಕಠಿಣವಾಗಿತ್ತು. ಎರಡನೇ ಸಲ ಚುಕ್ಕೆ ಬೆಳೆದಿತ್ತು. ಕ್ಯಾನ್ಸರೇ... ಆದರೆ ಬೇರೆಲ್ಲಿಗೂ ಹರಡಿರಲಿಲ್ಲ. ಶ್ವಾಸಕೋಶದ ಆ ಭಾಗವನ್ನು ಕತ್ತರಿಸಿ ತೆಗೆದರು.

ದೊಡ್ಡರಂಗಯ್ಯ ಬದುಕಿದ. ಮೂಟೆ ಹೊರುವ ಕಸುವು ಮಾತ್ರ ಮರಳಲಿಲ್ಲ. ಮದುವೆಯಾದಾಗಿನಿಂದ ಎಲ್ಲಿಗೆ ಹೊರಟರೂ ಅವನು ದಾಪುಗಾಲು ಹಾಕಿ ಮುಂದೆ, ಗಂಗಲಕ್ಷ್ಮಿ ಓಡೋಡುತ್ತ ಹಿಂದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ತೋಟಕ್ಕೆ ಹೊರಟ ಬೆಳಿಗ್ಗೆ ಅವನು ಬದುವಿನ ಮೇಲೆ ನಿಂತು, ತೆಂಗಿನ ಮರಕ್ಕೆ ಕೈ ಊರಿ ಉಸಿರು ತೆಗೆದುಕೊಂಡ.

"ನೀನು ಹೋಗ್ತಿರು ಕಣೇ. ನಿಧಾನಕ್ಕೆ ಬತ್ತೀನಿ."

"ನಂಗೇನು ಅವಸರ," ಎಂದು ಅವಳು ಅವನ ಪಕ್ಕದಲ್ಲೇ ನಿಂತಳು. ಅವನ ಉಸಿರು ಹದಕ್ಕೆ ಬಂದ ಮೇಲೆ ಇಬ್ಬರೂ ಜೊತೆಗೆ ಹೆಜ್ಜೆ ಎತ್ತಿದರು.