ಚಿಲುಮೆಗೆ ಬಿದ್ದ ತಗಡು

ತಗಡನ್ನು ಬಕೆಟ್ಟಿಗೇ ಹಾಕಿಸಿ, ಚಿಲುಮೆಗೆ ಮಾತ್ರ ಬೇಡ ಎಂದು ಶ್ರೀಮತಿ ಪ್ಯಾಜೆಟ್ ಹೇಳಿದಾಗ ರಸಲ್ ಎಲ್ಲರೆದುರೇ ನಕ್ಕುಬಿಟ್ಟ. ಪ್ರವಾಸಿಗರು ನೋಡಲು ಬರುವ ಆ ರೋಮನ್ ವಿಲ್ಲಾದಲ್ಲಿ, ಅಂದರೆ ರೋಮನ್ನರ ಕಾಲದ ಪಾಳು ಬಂಗಲೆಯಲ್ಲಿ, ಶಾಲೆಗೆ ರಜೆ ಬಂದಾಗ ಮಕ್ಕಳನ್ನು ಕೂರಿಸಿಕೊಂಡು ಶಾಪದ ತಗಡು ಮಾಡಿಸುವ ಮುದುಕಿ ಆಕೆ. ಹಿಂದೆ ಆ ಮನೆಯವರು ಏನಾದರೂ ಕಳುವಾದರೆ ಸೀಸದ ತಗಡಿನ ಮೇಲೆ ಕಳ್ಳನಿಗೆ ಶಾಪ ಕೊರೆದು, ಮಡಚಿ, ಮೊಳೆ ಹೊಡೆದು ಚಿಲುಮೆಯ ದೇವಿಗೆ ಒಪ್ಪಿಸುತ್ತಿದ್ದರು. ಈಗ ಅದು ಮಕ್ಕಳಾಟ. ಚಾಕಲೇಟು ಕದ್ದ ತಮ್ಮನ ಮೂಗು ಉದುರಲಿ ಎಂದು ಬರೆಯುತ್ತಾರೆ, ಬಕೆಟ್ಟಿಗೆ ಹಾಕುತ್ತಾರೆ, ಐಸ್‌ಕ್ರೀಮಿಗೆ ಓಡುತ್ತಾರೆ.

"ನೀರಿಗೆ ಬಿದ್ದದ್ದನ್ನ ಆ ದೇವಿ ಓದ್ತಾಳೆ," ಎಂದಳು ಮುದುಕಿ, ತಗ್ಗಿದ ದನಿಯಲ್ಲಿ. "ನಿಜವಾಗ್ಲೂ ಏನಾದ್ರೂ ಕಳ್ಕೊಂಡಿರೋ ಮಗು ಬರೆದಿದ್ರಂತೂ ಬೇಡವೇ ಬೇಡ."

"ಈ ವಯಸ್ಸಲ್ಲೂ ಓದ್ತಾಳಾ? ಕನ್ನಡಕ ಬೇಕಾಗಲ್ವಾ ಮೇಡಂ ಅವಳಿಗೆ?" ಎಂದ ರಸಲ್.

ಮಕ್ಕಳು ನಗಲೆಂದೇ ಅವನು ಹಾಗೆ ಹೇಳಿದ್ದು. ಕ್ರಿಸ್‌ಮಸ್ಸಿಗೆ ಅವನು ಬೆಥನ್‌ಳನ್ನು ಮದುವೆಯಾಗಬೇಕಿತ್ತು. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಏಗುತ್ತಿದ್ದ ಆ ಹೆಂಗಸು ಹಾಕಿದ್ದು ಒಂದೇ ಷರತ್ತು: ಮಕ್ಕಳು ಒಪ್ಪಬೇಕು. ಆರು ವರ್ಷದ ಎಡ್ಡಿ ಅವನ ಹೆಗಲೇರಿ ಕೂರುವಷ್ಟು ಒಪ್ಪಿಯಾಗಿತ್ತು. ಒಂಬತ್ತರ ಮಾರ್ನಿ ಮಾತ್ರ ಅವನ ಕೈಯಿಂದ ಒಂದು ಸ್ಯಾಂಡ್‌ವಿಚ್ ಕೂಡ ತೆಗೆದುಕೊಂಡವಳಲ್ಲ. ಆದ್ದರಿಂದಲೇ ಅಕ್ಟೋಬರಿನ ಈ ಕೊರೆಯುವ ಚಳಿಯಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್ ಕಡೆಯ ಈ ಕಣಿವೆಗೆ ಅವರಿಬ್ಬರನ್ನೂ ಕರೆತಂದಿದ್ದ.

ಮಾರ್ನಿ ತಗಡಿನ ಮೇಲೆ ಒತ್ತಿ ಒತ್ತಿ ಬರೆಯುತ್ತಿದ್ದಳು. ರಸಲ್ ಬಗ್ಗಿ ನೋಡಿದ. *ನಮ್ಮ ಬಾರ್ಲಿಯನ್ನು ಕದ್ದವರು ಗಂಡಸಾಗಲಿ ಹೆಂಗಸಾಗಲಿ, ಆಳಾಗಲಿ ಒಡೆಯನಾಗಲಿ...*

ಬಾರ್ಲಿ ಅವರಪ್ಪನ ನಾಯಿ. ಮುದಿನಾಯಿ, ರಸಲ್‌ನನ್ನು ಕಂಡರೆ ಹಲ್ಲು ಕಿರಿಯುತ್ತಿತ್ತು, ರಾತ್ರಿಯೆಲ್ಲ ಬೆಥನ್‌ಳ ಮಂಚದ ಕೆಳಗೆ ಮಲಗಿ ಗುರುಗುಡುತ್ತಿತ್ತು. ಒಂದು ದಿನ ಗೇಟು ತೆರೆದಿತ್ತು, ನಾಯಿ ಇರಲಿಲ್ಲ. ಮಕ್ಕಳ ಜೊತೆ ಬೀದಿ ಬೀದಿ ಅಲೆದು ಕೂಗಿ ಗಂಟಲು ಹರಿದುಕೊಂಡವನು ರಸಲ್‌ನೇ. ಅದನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿಯ ಪಕ್ಕ ಇಳಿಸಿ ಬಂದವನೂ ಅವನೇ. ಮನಸ್ಸು ತಡೆಯದೆ ಮಾರನೆಯ ದಿನ ಹೋಗಿ ನೋಡಿದರೆ ಲಾರಿಯೊಂದು ಅದರ ಮೇಲೆ ಹಾದುಹೋಗಿತ್ತು. ಕಾಲಿನಿಂದ ಚರಂಡಿಗೆ ತಳ್ಳಿ ಬಂದಿದ್ದ. ಥೂ, ಇಂಥವನನ್ನು ಮನುಷ್ಯ ಎನ್ನಬೇಕು!

"ಏನು ಶಿಕ್ಷೆ ಬರೀಲಿ?" ಎಂದು ಮಾರ್ನಿ ಕೇಳಿದಳು. ಅವಳಾಗಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರಲಾಗುತ್ತದೆಯೇ? ಎಲ್ಲರಿಗಿಂತ ಹೆಚ್ಚು ಸಿಟ್ಟು ತನಗೇ ಇದೆ ಎಂದು ತೋರಿಸಬೇಕಿತ್ತು ಅವನಿಗೆ. "ಬರಿ," ಎಂದ. "ಅವನ ಬಾಯಿ ತುಂಬ ನೀರು ತುಂಬ್ಲಿ. ಉಸಿರಿಗೆ ಜಾಗ ಇರಬಾರ್ದು. ನಾಯೀನ ತಂದು ಒಪ್ಪಿಸೋವರೆಗೂ ಹಾಗೇ ಇರ್ಲಿ. ಸಾವೂ ಬರಬಾರ್ದು, ಸತ್ರೆ ಬಚಾವಾಗಿಬಿಡ್ತಾನೆ."

ಹುಡುಗಿ ಅವನನ್ನು ಮೆಚ್ಚುಗೆಯಿಂದ ನೋಡಿದಳು. ಅಷ್ಟು ಸಾಕಾಯಿತು ಅವನಿಗೆ, ತಲೆ ತಿರುಗಿತು. ತಗಡು ಮಡಚಿ, ತಾನೇ ಮೊಳೆ ಬಡಿದ. ಶ್ರೀಮತಿ ಪ್ಯಾಜೆಟ್ ಬೇರೆ ಮಗುವಿನ ಕೈಗೆ ಪಟ್ಟಿ ಸುತ್ತುತ್ತಿದ್ದಾಗ ಇಬ್ಬರನ್ನೂ ಚಿಲುಮೆಯ ಕಲ್ಲುಕೋಣೆಗೆ ಕರೆದೊಯ್ದು, ಅಡ್ಡ ಕಟ್ಟಿದ ಹಗ್ಗ ಎತ್ತಿ ಹಿಡಿದ.

ಒಳಗೆ ಹಾವಸೆಯ ವಾಸನೆ. ತಣ್ಣನೆಯ ಕತ್ತಲು. ಗೋಡೆಯೊಳಗೆಲ್ಲೋ ನೀರು ಗುಳುಗುಳು ಎನ್ನುತ್ತಿತ್ತು. ಮಾರ್ನಿ ತಗಡನ್ನು ಬಿಟ್ಟಳು. ಅದು ಮುಳುಗಿದ ಸದ್ದೇ ಕೇಳಲಿಲ್ಲ. ಗುಳುಗುಳು ಕೂಡ ನಿಂತುಹೋಯಿತು.

ಅವರು ಹೊರಗೆ ಬಂದು, ಬಣ್ಣದ ಕಲ್ಲುಚೂರುಗಳಿಂದ ಮೀನಿನ ಚಿತ್ರ ಜೋಡಿಸಿದ ನೆಲವಿದ್ದ, ವಿಲ್ಲಾದ ಹಳೆಯ ಊಟದ ಮನೆಗೆ ಹೋದರು. ಅಲ್ಲಿ ರಸಲ್‌ಗೆ ಮೊದಲು ವಾಸನೆ ಬಡಿಯಿತು. ಒದ್ದೆ ನಾಯಿಯ ವಾಸನೆ. ಎಡ್ಡಿಯನ್ನು ಕೇಳಿದ, ಅವನಿಗೆ ವಾಸನೆಯೇನೂ ಬರುತ್ತಿರಲಿಲ್ಲ. ಆಮೇಲೆ ನಾಲಿಗೆಯ ಮೇಲೆ ಲೋಹದ ರುಚಿ. ಉಗುಳಿದ. ನೀರು. ಮತ್ತೆ ಉಗುಳಿದ. ಮತ್ತೆ ನೀರು. ತಣ್ಣಗಿತ್ತು. ಹಾವಸೆ ನಾರುತ್ತಿತ್ತು. ಹೊಟ್ಟೆಯಿಂದ ಬರುತ್ತಿರಲಿಲ್ಲ ಅದು. ಎದೆಯಿಂದ ಏರುತ್ತಿತ್ತು. ಗಂಟಲಿಗೆ ಬಂತು. ಮೂಗಿಗೆ ಬಂತು. ಉಸಿರೆಳೆದ. ಎಳೆದದ್ದೂ ನೀರೇ. ಮೊಣಕಾಲೂರಿ ಬಿದ್ದ. ಜಾಕೆಟ್ ಒದ್ದೆಯಾಯಿತು. ಕಣ್ಣು ಕತ್ತಲಾಯಿತು. ಸಾಯುತ್ತೇನೆ ಎಂದುಕೊಂಡ. ಸಾಯಲಿಲ್ಲ.

ಶ್ರೀಮತಿ ಪ್ಯಾಜೆಟ್ ಓಡಿಬಂದವಳು ಅವನ ಬಾಯಿಂದ ಸುರಿಯುವ ನೀರಿನ ವಾಸನೆ ಹಿಡಿದೇ ಬಿಳಚಿಕೊಂಡಳು. ಏನು ಮಾಡಿದಿರೆಂದು ಕೇಳಲೂ ಇಲ್ಲ. ಮಾರ್ನಿಯ ಎರಡೂ ಭುಜ ಹಿಡಿದು, ಕೊಟ್ಟವರೇ ಶಾಪ ಹಿಂದಕ್ಕೆ ತಗೊಂಡರೆ ದೇವಿ ಬಿಡುತ್ತಾಳೆ, ಬಿಟ್ಟುಕೊಟ್ಟೆ ಅಂತ ಚಿಲುಮೆ ಕಡೆ ತಿರುಗಿ ಒಂದು ಮಾತು ಹೇಳಮ್ಮ ಎಂದು ಬೇಡಿದಳು.

ಮಾರ್ನಿ ರಸಲ್‌ನ ಎದುರು ಕುಕ್ಕರಗಾಲಲ್ಲಿ ಕೂತಳು. "ಬಾರ್ಲಿ ಎಲ್ಲಿದೆ?"

ಅವನು ತಲೆ ಅಲ್ಲಾಡಿಸಿದ. ಗೊತ್ತಿಲ್ಲ, ಗೇಟು ತೆರೆದಿತ್ತು, ಓಡಿಹೋಯಿತು ಎಂದು ನೀರಿನ ನಡುವೆ ತೊದಲಿದ. ಆ ಸ್ಥಿತಿಯಲ್ಲೂ ಸುಳ್ಳು ಹೇಳಿದ, ಕರ್ಮ. ನೀರು ಮೂಗಿನಿಂದ ಧುಮುಕಿತು. ನೆಲದ ಮೇಲಿನ ಕಲ್ಲುಚೂರಿನ ಮೀನುಗಳು ಒದ್ದೆಯಾಗಿ ಹೊಳೆದವು.

"ನಾನೇ," ಎಂದ ಕೊನೆಗೆ. "ನಾನೇ ಬಿಟ್ಟು ಬಂದೆ... ರಸ್ತೇಲಿ. ಲಾರಿ... ಸತ್ತೋಯ್ತು. ತಪ್ಪಾಯ್ತು ಪುಟ್ಟಾ."

ಎಡ್ಡಿ ಅಳಲು ಶುರುಮಾಡಿದ. ಮಾರ್ನಿ ಅಳಲಿಲ್ಲ. ಎದ್ದು ಹೋಗಿ ತಮ್ಮನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು, ತನ್ನ ತೋಳಿನಿಂದ ಅವನ ಮೂಗು ಒರೆಸಿದಳು.

"ಒಂದೇ ಮಾತು ಚಿನ್ನ," ಎಂದಳು ಮುದುಕಿ. "ಇಲ್ದಿದ್ರೆ ಇವನು ಬದುಕಿರೋವರೆಗೂ ಹೀಗೇ ಮುಳುಗ್ತಾ ಇರ್ತಾನೆ."

"ಬಾರ್ಲೀನ ತಂದು ಕೊಡ್ಲಿ."

"ಸತ್ತುಹೋಗಿದೆ ಅಂದನಲ್ಲಮ್ಮ."

"ಕೇಳಿಸ್ತು," ಎಂದಳು ಮಾರ್ನಿ. "ತಂದು ಕೊಡ್ಲಿ."